ಒಂದು ಹಗಲು, ಒಂದು ಇರುಳಿನ ಚೀವರ

ಬಾನ್ ಫಾಯ್, ಮೇ ಚೇಮ್ ಕಣಿವೆ
ಬುದ್ಧ ವರ್ಷ ೨೫೩೧, ಆಗಸ್ಟ್ ೨

ಪೂಜ್ಯ ತಮ್ಮ ಸ್ವಾಮಿಗಳಿಗೆ,

ಅಕ್ಕ ಸೀನುವಾನ್ ಮಾಡುವ ನಮಸ್ಕಾರಗಳು. ಹೀಗೆ ಬರೆಯುವಾಗ ನನಗೇ ನಗು ಬರುತ್ತದೆ. ಎಮ್ಮೆಗಳನ್ನು ಪರರ ಗದ್ದೆಗೆ ಬಿಟ್ಟು ಮೀನು ಹಿಡಿಯಲು ಹೋದದ್ದಕ್ಕೆ ನಿನ್ನ ಕಿವಿ ಹಿಂಡಿದ ಇದೇ ಕೈಗಳನ್ನು ಈಗ ನಿನ್ನೆದುರು ಜೋಡಿಸಿಕೊಂಡು, ನಿನಗಿಂತ ಕೆಳಗೆ, ಕಾಲು ಮಡಚಿ ಕೂರಬೇಕು. ಕೂರುತ್ತೇನೆ. ಆದರೆ ಕಾಗದದ ಉದ್ದಕ್ಕೂ 'ತಾವು, ತಮಗೆ' ಎಂದು ಎಳೆಯುವುದು ನನ್ನಿಂದಾಗದು. ನಿಮ್ಮ ಗುರುಗಳು ಓದಿದರೆ ಓದಲಿ. ಬೆಳೆಸಿದವಳು ಇವಳೇ ಎಂದು ಹೇಳು.

ಅಮ್ಮ ತೀರಿಕೊಂಡಾಗ ಅವಳ ಪುಣ್ಯಕ್ಕೆಂದು ನೀನು ತಲೆ ಬೋಳಿಸಿಕೊಂಡೆ. ಊರಿನ ಗಂಡಸರೆಲ್ಲ ಒಂದಲ್ಲ ಒಂದು ಸಲ ಹಾಗೆ ಮಾಡಿದವರೇ. ಒಂದು ವಾರವೋ ಒಂದು ಮಳೆಗಾಲವೋ ಭಿಕ್ಷುವಾಗಿದ್ದು, ಚೀವರ ಬಿಚ್ಚಿಟ್ಟು, ಮತ್ತೆ ಕೆಸರಿಗಿಳಿಯುತ್ತಾರೆ. ನೀನೊಬ್ಬ ಇಳಿಯಲಿಲ್ಲ. ಇದು ನಿನ್ನ ಎರಡನೆಯ ವರ್ಷಾವಾಸ. ಅದೂ ನಮ್ಮೂರ ವಿಹಾರ ಸಾಲದೆಂದು ಮೋಡದೊಳಗಿನ ಫಾ ಮೊಕ್ ಬೆಟ್ಟ ಹತ್ತಿ ಕೂತಿದ್ದೀಯ. ಮಳೆಗಾಲದ ಈ ಮೂರು ತಿಂಗಳು ನೀನು ವಿಹಾರ ಬಿಟ್ಟು ಊರಿಗೆ ಬರುವಂತಿಲ್ಲ, ನನಗೆ ಆ ಕಡಿದಾದ ದಾರಿ ಹತ್ತಲು ಮಂಡಿ ಬಿಡುವುದಿಲ್ಲ.

ಎಷ್ಟು ಜನ ಇದ್ದೀರಿ? ಏನು ತಿನ್ನುತ್ತೀರಿ? ಮಾಡು ಸೋರುತ್ತದೆಯೇ? ಹೊದೆಯಲು, ಉಡಲು ಏನಿದೆ? ಒಂದೊಂದಕ್ಕೂ ಉತ್ತರ ಬರೆ. 'ಎಲ್ಲ ಕ್ಷೇಮ' ಎಂದು ಒಂದೇ ಸಾಲಿನಲ್ಲಿ ಮುಗಿಸಿದೆಯೋ, ಮಂಡಿ ಹೋದರೂ ಸರಿ, ಹತ್ತಿ ಬರುತ್ತೇನೆ.

ನಿನ್ನ ಅಕ್ಕ,
ಸೀನುವಾನ್


ಫಾ ಮೊಕ್ ಬೆಟ್ಟದ ವಿಹಾರ
ಆಗಸ್ಟ್ ೨೧

ಸೀನುವಾನಕ್ಕನಿಗೆ ಒಳಿತಾಗಲಿ.

ನಾವು ಐದು ಜನ. ಮುದಿ ಗುರುಗಳು, ನಡುವಯಸ್ಸಿನ ಮೂವರು, ಕೊನೆಗೆ ನಾನು. ಮಾಡು ಎರಡು ಕಡೆ ಸೋರುತ್ತದೆ, ಅಲ್ಲಿ ಯಾರೂ ಮಲಗುವುದಿಲ್ಲ.

ಬೆಳಗ್ಗೆ ಮಂಜಿನೊಳಗೆ ಒಬ್ಬರ ಹಿಂದೆ ಒಬ್ಬರು ಭಿಕ್ಷಾಪಾತ್ರೆ ಹಿಡಿದು ಇಳಿಯುತ್ತೇವೆ. ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಕೆಳಗೆ ಹನ್ನೊಂದು ಮನೆಗಳ ಹಾಡಿ. ಅಂಟಕ್ಕಿಯ ಅನ್ನ, ಮೆಣಸಿನ ಚಟ್ನಿ, ಕೆಲವೊಮ್ಮೆ ಬೇಯಿಸಿದ ಜರೀಗಿಡದ ಚಿಗುರು ಹಾಕುತ್ತಾರೆ. ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಅವಳ ಹತ್ತಿರ ಅನ್ನವಿಲ್ಲದ ದಿನ ಬಾಳೆ ಎಲೆಯ ಚೂರಿನಲ್ಲಿ ಒಂದು ಚಿಟಿಕೆ ಉಪ್ಪು ತರುತ್ತಾಳೆ. ಒದ್ದೆ ನೆಲದಲ್ಲಿ ಮಂಡಿಯೂರಿ, ಆ ಉಪ್ಪನ್ನು ಹಣೆಯ ತನಕ ಎತ್ತಿ, ಕಣ್ಣು ಮುಚ್ಚಿ, ಆಮೇಲೆ ನನ್ನ ಪಾತ್ರೆಗೆ ಹಾಕುತ್ತಾಳೆ. ಅಕ್ಕಾ, ಅಷ್ಟು ಸಂತೋಷದಿಂದ ಯಾರೂ ಏನನ್ನೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಆ ಉಪ್ಪು ಬಿದ್ದ ದಿನ ಬೆಟ್ಟ ಹತ್ತುವಾಗ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ, ಭಯವೋ ಭಕ್ತಿಯೋ ಹೇಳಲಾರೆ.

ಹಿಂದಿನ ವಾರ ಒಣ ಸೌದೆ ಹೊರುವಾಗ ಬಿದಿರ ಮುಳ್ಳಿಗೆ ಸಿಕ್ಕಿ ಚೀವರ ಭುಜದಿಂದ ಸೊಂಟದ ತನಕ ಹರಿಯಿತು. ನಾನೇ ಹೊಲಿದುಕೊಂಡೆ. ಈಗ ಅದರಲ್ಲಿ ಬಟ್ಟೆಗಿಂತ ತೇಪೆಯೇ ಹೆಚ್ಚು. ನನ್ನ ಹೊಲಿಗೆ ನೋಡಿದರೆ ನೀನು ನಗುತ್ತೀಯ.

ಥಿರಧಮ್ಮೋ ಭಿಕ್ಷು
(ನಿನ್ನ ಸಿಂಗ್‌ಖಮ್)


ಬಾನ್ ಫಾಯ್
ಸೆಪ್ಟೆಂಬರ್ ೧೦

ತಮ್ಮ ಸ್ವಾಮಿಗಳಿಗೆ ನಮಸ್ಕಾರ.

ನಾನು ನಗಲಿಲ್ಲ. ನಿನ್ನ ಕಾಗದವನ್ನು ಮಗ್ಗದ ಚಪ್ಪರದಲ್ಲಿ ಎಲ್ಲರಿಗೂ ಓದಿ ಹೇಳಿದೆ. ಉಪ್ಪಿನ ಮುದುಕಿ ಬಂದಾಗ ಲಾಳಿಗಳೆಲ್ಲ ನಿಂತವು. ತೇಪೆಯ ಮಾತು ಬಂದಾಗ ಕಾಗದ ಮಡಚಿಟ್ಟೆ, ಮುಂದೆ ಓದಲಾಗಲಿಲ್ಲ.

ತಿಪ್ ಅಜ್ಜಿ ಮೂಲೆಯಲ್ಲಿ ಕೂತಿದ್ದಳು. ಎಂಬತ್ತೊಂದಾದರೂ ಅವಳ ಕಣ್ಣು ಇನ್ನೂ ಹರಿದ ಎಳೆ ಹುಡುಕುತ್ತದೆ. ಹುಳಿ ಬರಿಸಿದ ಚಹಾ ಎಲೆಯ ಉಂಡೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಕೇಳಿದಳು:

"ಆ ಬೆಟ್ಟದ ವಿಹಾರಕ್ಕೆ ಯಾರಾದ್ರೂ ಕಠಿನದ ಚೀವರ ಕೊಟ್ಟಿದ್ದಾರೇನೇ?"

"ಇಲ್ಲಜ್ಜಿ. ಮಳೆಗಾಲ ಮುಗಿದ್ಮೇಲೆ ವರ್ಷಕ್ಕೊಂದ್ಸಲ ಊರೂರಿನೋರು ಒಂದೊಂದು ವಿಹಾರ ಹುಡುಕ್ಕೊಂಡು ಹೋಗಿ ಕಠಿನ ಕೊಡ್ತಾರೆ, ಅಲ್ಲಿಗೆ ಮಾತ್ರ ಯಾರೂ ಹೋಗಿಲ್ಲ. ದಾರೀನೇ ಇಲ್ವಲ್ಲ."

"ಹಾಗಾದ್ರೆ ನಾವು ಹೋಗೋಣ. ಅಂಗಡೀಲಿ ಕೊಂಡ ಬಟ್ಟೆ ಹೊತ್ಕೊಂಡಲ್ಲ. ಒಂದು ದಿನದ ಚೀವರ ಮಾಡ್ಕೊಂಡು."

ಎಲ್ಲರೂ ಅವಳ ಕಡೆ ತಿರುಗಿದರು. ನಿನಗೆ ಗೊತ್ತು, ಒಂದು ದಿನದ ಚೀವರವೆಂದರೆ ಹುಡುಗಾಟವಲ್ಲ. ಬೆಳಗ್ಗೆ ಗಿಡದ ಮೇಲಿದ್ದ ಹತ್ತಿಯನ್ನು ಬಿಡಿಸಿ, ಬೀಜ ತೆಗೆದು, ಹಿಂಜಿ, ನೂತು, ನೇಯ್ದು, ಹೊಲಿದು, ಬಣ್ಣ ಕಟ್ಟಿ, ಒಣಗಿಸಿ, ಮಾರನೆಯ ಬೆಳಗ್ಗೆ ಅಂಗೈ ಗೆರೆ ಕಾಣುವಷ್ಟು ಬೆಳಕಾಗುವ ಮೊದಲು ಭಿಕ್ಷುಗಳ ಮುಂದಿಡಬೇಕು. ಗೆರೆ ಕಂಡ ಮೇಲೆ ತಂದರೆ ಅದು ಬರೀ ಬಟ್ಟೆ. ನಮ್ಮೂರಲ್ಲಿ ಕೊನೆಯ ಸಲ ಮಾಡಿದಾಗ ತಿಪ್ ಅಜ್ಜಿಗೆ ಹನ್ನೆರಡು ವರ್ಷ.

ಪಕ್ಕದ ಮನೆ ಪಾನ್ ಸುಮ್ಮನಿರುವವಳೇ? "ಅಜ್ಜಿ, ನಿಮಗೆ ಬೆಳಗ್ಗೆ ತಿಂದದ್ದು ಮಧ್ಯಾಹ್ನ ನೆನಪಿರಲ್ಲ. ಅಷ್ಟು ಹಳೇ ಕೆಲಸ ನೆನಪಿದ್ಯಾ?" ಎಂದಳು.

"ನೀನು ಮಾಡಿದ ಅಡುಗೆ ಮರೆತರೇನೇ ಒಳ್ಳೇದು" ಎಂದಳು ಅಜ್ಜಿ. ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಅಜ್ಜಿ ಬೆರಳು ಮಡಚುತ್ತ ಹೇಳಿದಳು: ಹತ್ತಿ ಬಿಡಿಸಲು ನಲವತ್ತು ಜನ, ರಾಟೆ ಇಪ್ಪತ್ತು, ಮಗ್ಗ ಆರು. ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡಲು ಮಾತ್ರ ಒಬ್ಬಳೇ, ಸೀನುವಾನ್. ಅವಳಷ್ಟು ಬೇಗ ಹಾಸು ಹೂಡುವವರು ಈ ಕಣಿವೆಯಲ್ಲಿಲ್ಲ.

ನನ್ನ ಹೊಲದ ಹತ್ತಿ ಈಗ ಹೂವಿನಲ್ಲಿದೆ. ಕಠಿನದ ಹೊತ್ತಿಗೆ ಒಡೆಯುತ್ತದೆ. ಮಾತಾಡದವರೆಲ್ಲ ಮಾತಾಡುತ್ತಿದ್ದಾರೆ. ಇಷ್ಟೂ ನಿನ್ನ ಒಂದು ತೇಪೆಯಿಂದ! ನನಗೆ ನಿದ್ದೆಯೇ ಬರುತ್ತಿಲ್ಲ.

ನಿನ್ನ ಅಕ್ಕ


ಫಾ ಮೊಕ್
ಸೆಪ್ಟೆಂಬರ್ ೨೮

ಅಕ್ಕನಿಗೆ,

ಈ ಕಾಗದವನ್ನು ಗುರುಗಳ ಅಪ್ಪಣೆ ಪಡೆದು ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದ ಕೂಡಲೇ ಎಲ್ಲೋ ತಪ್ಪಾಗಿದೆ ಎನಿಸಿತು. ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಅವರು ಕನ್ನಡಕ ಹುಡುಕಿ, ಎರಡು ಸಲ ಓದಿ, ಕೇಳಿದರು:

"ಬಿದಿರ ಮುಳ್ಳಿಗೆ ಹರಿದದ್ದು ನಿಜ ತಾನೇ?"

"ನಿಜ, ಗುರುಗಳೇ."

"ಸುಳ್ಳಂತೂ ಬರೆದಿಲ್ಲ. ಆದ್ರೆ ಬರೀವಾಗ ಮನಸ್ಸಲ್ಲಿ ಏನಿತ್ತಪ್ಪಾ?"

ಉತ್ತರ ಹೇಳಲು ನನಗೆ ಮಧ್ಯಾಹ್ನದಿಂದ ಸಂಜೆಯ ಗಂಟೆಯ ತನಕ ಹಿಡಿಯಿತು. ಆ ಸಾಲಿನ ಹತ್ತಿರ ಬಂದಾಗ ನನ್ನ ಲೇಖನಿ ಒಂದು ಗಳಿಗೆ ನಿಂತಿತ್ತು. ಮಗ್ಗದ ಮೇಲಿನ ನಿನ್ನ ಕೈಗಳು ಕಣ್ಣಿಗೆ ಬಂದಿದ್ದವು. ಅಕ್ಕನಿಗೆ ತಿಳಿಯಲಿ ಎಂಬ ಆಸೆ, ಒಂದು ಎಳೆಯಷ್ಟು, ಇತ್ತು. ಇತ್ತು ಎಂದೇ ಹೇಳಿದೆ.

ಅವರು ಸಿಟ್ಟಾಗಲಿಲ್ಲ. "ಎಳೆಯಷ್ಟಿದ್ರೂ ಇತ್ತಲ್ಲ" ಎಂದರು. "ಕಠಿನದ ಬಟ್ಟೆ ಆಕಾಶದಿಂದ ತೇಲಿ ಬಂದ ಹಾಗೆ ಬರ್ಬೇಕು. ಕೊಡೋರ ಮನಸ್ಸಲ್ಲಿ ತಾನಾಗಿ ಹುಟ್ಬೇಕು. ನಮ್ಮಲ್ಲಿ ಒಬ್ಬ ಬಾಯಿ ಬಿಟ್ಟು ಕೇಳಿದ್ರೂ, ಕೇಳದೇ ಸೂಚನೆ ಕೊಟ್ರೂ, ಅದು ಕಠಿನ ಆಗಲ್ಲ. ನಿನಗೊಬ್ಬನಿಗಲ್ಲ, ಐವರಿಗೂ ಆಗಲ್ಲ."

ಅಕ್ಕಾ, ಈ ವಿಹಾರಕ್ಕೆ ಮೊದಲ ಬಾರಿಗೆ ಬರಬಹುದಾಗಿದ್ದ ಕಠಿನ ನನ್ನ ಒಂದು ಸಾಲಿನಿಂದ ಹೋಯಿತು. ಉಳಿದ ಮೂವರ ಮುಂದೆ ಮಂಡಿಯೂರಿ ತಪ್ಪು ಒಪ್ಪಿಕೊಂಡೆ. ಒಬ್ಬರು ನನಗೆ ಸೂಜಿ ದಾರ ತಂದುಕೊಟ್ಟರು. ಎರಡೂವರೆ ಸಾವಿರ ವರ್ಷದ ಹಿಂದಿನ ಒಂದು ಕಟ್ಟಳೆ ನನ್ನ ಲೇಖನಿ ನಿಂತ ಆ ಒಂದು ಗಳಿಗೆಯನ್ನು ಹುಡುಕಿಕೊಂಡು ಬಂತಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇಲ್ಲಿಗೆ ತರಬೇಡಿ. ಬೇರೊಂದು ದಿನ ಅಕ್ಕನೆಂದು ನೀನೊಂದು ಚೀವರ ಕೊಟ್ಟರೆ ಅದಕ್ಕೆ ತಡೆಯಿಲ್ಲವೆಂದು ಗುರುಗಳು ಹೇಳಿದರು. ಈ ವರ್ಷ ಅದೂ ಬೇಡವೆಂದು ನಾನೇ ನಿಶ್ಚಯಿಸಿದ್ದೇನೆ.

ಥಿರಧಮ್ಮೋ


ಬಾನ್ ಫಾಯ್
ಅಕ್ಟೋಬರ್ ೧೪

ಸಿಂಗ್‌ಖಮ್,

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ನಾನು ಎರಡು ವಾರ ಸಿಟ್ಟಿನಲ್ಲಿದ್ದೆ, ಇನ್ನೂ ಇದ್ದೇನೆ. ಅಕ್ಕನಿಗೆ ಬಟ್ಟೆ ಹರಿದಿದೆ ಎನ್ನುವುದು ತಪ್ಪಾದರೆ ಯಾರಿಗೆ ಹೇಳಬೇಕು, ಆ ಬಿದಿರಿಗೋ? ಕೇಳಿದ್ದಕ್ಕೆ ಉತ್ತರ ಬರೆದೆ. ಕೇಳಿದವಳು ನಾನು. ತಪ್ಪಿದ್ದರೆ ನನ್ನದು.

ತಿಪ್ ಅಜ್ಜಿಯ ಮನೆಗೆ ಹೋಗಿ ಮೆಟ್ಟಿಲ ಮೇಲೇ ಕೂತು ಅತ್ತೆ. ಅವಳು ಅಷ್ಟೂ ಕೇಳಿಸಿಕೊಂಡು, "ಸರಿಯಾಗೇ ಹೇಳಿದ್ದಾರೆ" ಎಂದುಬಿಟ್ಟಳು.

"ಅಜ್ಜಿ, ನೀವೂ ಅವರ ಕಡೆನೇನಾ?"

"ಕಡೆ ಗಿಡೆ ಇಲ್ಲ. ನೀನು ನಿನ್ನ ತಮ್ಮನ ಬೆನ್ನಿಗೆ ಹೊದಿಸೋಕೆ ಹೊರಟಿದ್ಯೋ, ಭಿಕ್ಷುಗಳ ಸಂಘಕ್ಕೆ ಕೊಡೋಕೆ ಹೊರಟಿದ್ಯೋ?"

"ಎರಡೂ."

"ಎರಡೂ ಆಗಲ್ಲ ಕಣೇ."

ಮಾರನೆಯ ದಿನ ಊರವರನ್ನು ಸೇರಿಸಿ ಬೇರೆ ತೀರ್ಮಾನ ಮಾಡಿಸಿದಳು. ಚೀವರ ಮಾಡುವುದೇ ಸೈ. ಕೊಡುವುದು ಗುಡ್ಡದಾಚೆಯ ಹುವಾಯ್ ರಿನ್ ವಿಹಾರಕ್ಕೆ. ಅಲ್ಲಿ ನಮಗೆ ನಂಟರಿಲ್ಲ, ಪರಿಚಯದವರಿಲ್ಲ, ಯಾರ ಚೀವರ ಹರಿದಿದೆ ಯಾರದು ಹೊಸದು ಎಂದು ಗೊತ್ತಿಲ್ಲ. ಅದಕ್ಕೇ ಅದನ್ನು ಆರಿಸಿದರಂತೆ. ಅಜ್ಜಿ ನನ್ನ ಕಡೆ ನೋಡಿದಳು. "ನನ್ನ ಹೊಲದ ಹತ್ತಿ ತಗೊಳ್ಳಿ, ನನ್ನ ಕೈ ಕೇಳ್ಬೇಡಿ" ಎಂದು ಎದ್ದು ಬಂದೆ.

ನಾನಿಲ್ಲದೆ ಹಾಸು ಹೂಡಲು ಅವರಿಗೆ ಅರ್ಧ ರಾತ್ರಿ ಹಿಡಿಯುತ್ತದೆ. ಬೆಳಗಾಗುವುದರೊಳಗೆ ಮುಗಿಯುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಗುರುತೇ ಇಲ್ಲದ ಯಾವನದೋ ಮೈಗೆ ನಾನು ರಾತ್ರಿಯೆಲ್ಲ ನೇಯಬೇಕು, ನನ್ನ ತಮ್ಮ ತೇಪೆಯಲ್ಲಿ ನಡುಗಬೇಕು. ನನ್ನಿಂದಾಗುವುದಿಲ್ಲ ಸಿಂಗ್‌ಖಮ್. ನಾನು ಅಷ್ಟು ದೊಡ್ಡವಳಲ್ಲ.

ಸೀನುವಾನ್


ಫಾ ಮೊಕ್
ಅಕ್ಟೋಬರ್ ೨೮

ಅಕ್ಕನಿಗೆ ಒಳಿತಾಗಲಿ.

ಮೊದಲ ಸಾಲನ್ನು ಹೊಡೆದುಹಾಕಿದ್ದಕ್ಕೆ ತಪ್ಪು ತಿಳಿಯಬೇಡ. ಹವೆಯ ಬಗ್ಗೆ ಬರೆದಿದ್ದೆ. ಅದೂ ಸೂಚನೆಯಾದೀತೆಂದು ಬೇಡವೆನಿಸಿತು.

ವರ್ಷಾವಾಸ ಮುಗಿಯಿತು. ಗುರುಗಳು ಆರೋಗ್ಯವಾಗಿದ್ದಾರೆ. ಮಂಜು ಹರಿದ ದಿನ ಇಲ್ಲಿಂದ ಇಡೀ ಕಣಿವೆ ಕಾಣುತ್ತದೆ. ನಮ್ಮೂರ ಕಡೆ ಬೆಳ್ಳಗೆ ಒಂದು ತುಂಡು ಕಂಡಿತು. ಯಾರ ಹೊಲವೆಂದು ಗುರುತಿಸಲು ಹೋಗಲಿಲ್ಲ.

ಥಿರಧಮ್ಮೋ


ಬಾನ್ ಫಾಯ್
ನವೆಂಬರ್ ೯

ತಮ್ಮ ಸ್ವಾಮಿಗಳಿಗೆ ಅಕ್ಕನ ನಮಸ್ಕಾರಗಳು.

ಮೊನ್ನೆಯ ಕಠಿನದಲ್ಲಿ ನೀನೂ ಇದ್ದೆ. ಆದರೆ ಕಣ್ಣೆತ್ತಲಿಲ್ಲ. ಹಾಗಾಗಿ ನೀನು ಕಾಣದ್ದನ್ನೆಲ್ಲ ಬರೆಯುತ್ತೇನೆ.

ಹತ್ತಿ ಬಿಡಿಸುವ ಆ ಬೆಳಗ್ಗೆ ನಾನು ಬಾಗಿಲು ಹಾಕಿಕೊಂಡು ಮನೆಯಲ್ಲೇ ಇದ್ದೆ. ನಮ್ಮೂರ ವಿಹಾರದ ನಗಾರಿ ಬಾರಿಸಿದರು, ಕಿವಿ ಮುಚ್ಚಿಕೊಂಡೆ. ಎಷ್ಟು ಹೊತ್ತಾದರೂ ಹೊಲದಿಂದ ಹಾಡು ಕೇಳಲಿಲ್ಲ, ನಗು ಕೇಳಲಿಲ್ಲ. ಏನಾಯಿತಪ್ಪಾ ಎಂದು ಹಿತ್ತಲಿಂದ ಇಣುಕಿದರೆ, ನಲವತ್ತು ಹೆಂಗಸರು ಬಿಳಿ ರವಿಕೆ ತೊಟ್ಟು, ಬುಟ್ಟಿ ಹಿಡಿದು, ನನ್ನ ಹೊಲದ ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ. ಒಬ್ಬರೂ ಒಂದು ಕಾಯಿ ಮುಟ್ಟಿಲ್ಲ. ಒಡತಿ ಮೊದಲ ಕಾಯಿ ಬಿಡಿಸದೆ ಆ ಹತ್ತಿ ದಾನದ ಹತ್ತಿಯಲ್ಲವಂತೆ. ಬಿಸಿಲೇರುತ್ತಿತ್ತು, ದಿನ ಕರಗುತ್ತಿತ್ತು. ನನ್ನನ್ನು ಕರೆಯಲು ಯಾರನ್ನೂ ಕಳಿಸಿರಲಿಲ್ಲ. ಮುಂಚಿನ ದಿನ ಪಾನ್ ಹೊರಟಿದ್ದಳಂತೆ. "ಕರೆದು ತಂದ್ರೆ ಅದು ಕೊಟ್ಟದ್ದಾಗಲ್ಲ" ಎಂದು ಅಜ್ಜಿ ಕೂರಿಸಿದಳಂತೆ.

ಹೋಗಿ ಒಂದು ಕಾಯಿ ಬಿಡಿಸಿದೆ. ಒಲ್ಲದ ಮನಸ್ಸಿನಿಂದಲೇ. ಆ ನಲವತ್ತು ಜನರೂ ಒಟ್ಟಿಗೆ ಹೊಲಕ್ಕಿಳಿದ ಸದ್ದು ಹೇಗಿತ್ತು ಅನ್ನುತ್ತೀಯ! ಹತ್ತಿ ಮಧ್ಯಾಹ್ನಕ್ಕೆ ಬುಟ್ಟಿ ತುಂಬಿತು. ಬೀಜ ಬಿಡಿಸುವ ಗಾಣಗಳು ಕಿರುಗುಟ್ಟಿದವು, ಹಿಂಜುವ ಬಿಲ್ಲುಗಳು ಮಿಡಿದವು, ವಿಹಾರದ ಅಂಗಳದಲ್ಲೆಲ್ಲ ಅರಳೆ ಹಾರಾಡಿ ಜನರ ಹುಬ್ಬು ಮೀಸೆ ಬೆಳ್ಳಗಾದವು. ಇಪ್ಪತ್ತು ರಾಟೆ ತಿರುಗಿದವು. ಹತ್ತು ವರ್ಷದಿಂದ ಮುಖ ನೋಡದ ನೆಗೆಣ್ಣಿಯರು ಒಬ್ಬಳು ಹಂಜಿ ಕೊಡುವುದು, ಇನ್ನೊಬ್ಬಳು ನೂಲುವುದು. ತಿಪ್ ಅಜ್ಜಿ ಕೋಲೂರಿಕೊಂಡು ಓಡಾಡುತ್ತ ಎಲ್ಲರನ್ನೂ ಬೈದಳು.

"ಏ ಪಾನ್, ಅದು ನೂಲಾ, ಎಮ್ಮೆ ಕಟ್ಟೋ ಹಗ್ಗಾನಾ?"

"ಭಿಕ್ಷುಗಳಿಗೆ ಚಳಿ ಆಗ್ಬಾರದು ಅಂತ ದಪ್ಪ ಮಾಡ್ದೆ ಅಜ್ಜಿ."

"ಬಿಚ್ಚು, ಬಿಚ್ಚು!"

ದೀಪ ಹಚ್ಚುವ ಹೊತ್ತಿಗೆ, ಯಾರೂ ಕೇಳದೆ, ನಾನೇ ಎದ್ದು ಹಾಸು ಹೂಡಿದೆ. ಆರು ಮಗ್ಗಕ್ಕೂ ನಾನೇ. ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ನನ್ನ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ, ಅವಕ್ಕೆ ಬೇರೆ ಯಾರೋ ಹೇಳಿಕೊಡುತ್ತಿದ್ದರು. ಆರು ಮಗ್ಗ ಒಟ್ಟಿಗೆ ಬಡಿಯತೊಡಗಿದಾಗ ನೆಲ ಅದುರಿತು. ನಾನು ಹುಟ್ಟಿದಾಗಿನಿಂದ ಮಗ್ಗದ ಸದ್ದು ಕೇಳಿದವಳು. ಅವತ್ತು ಮೊದಲ ಸಲ ಕೇಳಿದ ಹಾಗಾಯಿತು. ಯಾರ ಮಗ್ಗ ಯಾವುದು ಎಂದು ತಿಳಿಯುತ್ತಿರಲಿಲ್ಲ. ನನ್ನ ಸಿಟ್ಟು ಯಾವ ಗಳಿಗೆಯಲ್ಲಿ ಬಿಟ್ಟುಹೋಯಿತೋ ಹೇಳಲಾರೆ. ಹುಡುಕಿದರೆ ಇರಲಿಲ್ಲ.

ತುಂಡುಗಳನ್ನು ಗದ್ದೆಯ ಬದುಗಳಂತೆ ಜೋಡಿಸಿ ಹೊಲಿದರು. ಬಣ್ಣ ಕಟ್ಟಲು ಹಲಸಿನ ಚೇಗಿನ ಕಷಾಯದಲ್ಲಿ ಅದ್ದಿದರು. ಆಗಲೇ ಮೊದಲ ಕೋಳಿ ಕೂಗಿತು. ಚೀವರ ನೀರು ಸುರಿಸುತ್ತಿದೆ, ಹುವಾಯ್ ರಿನ್‌ಗೆ ಒಂದು ಗಂಟೆಯ ದಾರಿ, ಒಣಗಿಸಲು ಹೊತ್ತೆಲ್ಲಿ? ಎಲ್ಲರೂ ಕಂಗಾಲು.

"ಗಾಳಿ ಬೇಕು ತಾನೇ?" ಎಂದಳು ತಿಪ್ ಅಜ್ಜಿ. "ಗಾಡಿ ಹತ್ರೀ ಎಲ್ಲ!"

ಭತ್ತ ಸಾಗಿಸುವ ಮೋಟಾರು ಗಾಡಿಯ ಮೇಲೆ ನಾನು, ಪಾನ್, ಇನ್ನಿಬ್ಬರು ನಿಂತು, ನಾಲ್ಕು ಮೂಲೆ ಹಿಡಿದು, ಚೀವರವನ್ನು ತಲೆಯ ಮೇಲೆ ಬಿಚ್ಚಿದೆವು. ಗಾಡಿ ಗುಡ್ಡ ಹತ್ತಿತು. ಹಿಂದಿನ ಗಾಡಿಯ ದೀಪದಲ್ಲಿ ಅದು ಉರಿಯುವ ಹಾಗೆ ಕಾಣುತ್ತಿತ್ತು. ನಮ್ಮ ಭುಜ ಕಿತ್ತು ಬರುವಷ್ಟು ಜಗ್ಗುತ್ತಿತ್ತು. ನೆನ್ನೆ ಬೆಳಗ್ಗೆ ನನ್ನ ಗಿಡದ ಮೇಲಿದ್ದದ್ದು, ತಮ್ಮ! ಅರಳೆಯಾಗಿ, ನೂಲಾಗಿ, ಊರವರೆಲ್ಲರ ಕೈ ದಾಟಿ, ಈಗ ಹಾರಲು ನೋಡುತ್ತಿತ್ತು. ನಾವು ನಾಲ್ವರೂ ಗಟ್ಟಿಯಾಗಿ ಅಳುತ್ತಿದ್ದೆವು. ಪಾನ್ ಕೂಡ.

ಹುವಾಯ್ ರಿನ್‌ನಲ್ಲಿ ವರ್ಷಾವಾಸ ಮಾಡಿದವರು ನಾಲ್ಕೇ ಭಿಕ್ಷುಗಳು, ವಿಧಿಗೆ ಐವರು ಬೇಕು, ಅದಕ್ಕೆ ನಿಮ್ಮ ಬೆಟ್ಟದಿಂದ ಒಬ್ಬರನ್ನು ಕರೆಸಿಕೊಂಡಿದ್ದಾರೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚೀವರ ಮಡಚಿ ತಲೆಯ ಮೇಲಿಟ್ಟುಕೊಂಡು ನಾನು ಒಳಗೆ ಬಂದೆ. ಎಲ್ಲರಿಗಿಂತ ಕಿರಿಯವನು ನೀನು, ಬಾಗಿಲ ಕಡೆಯ ಕೊನೆಯಲ್ಲಿ ಕೂತಿದ್ದೆ. ಮೊದಲು ತೇಪೆ ಕಂಡಿತು, ಆಮೇಲೆ ನೀನು.

ನನ್ನ ಕಾಲು ನಿಂತುಬಿಟ್ಟಿತು. ಬಗ್ಗಿದರೆ ಸಾಕಿತ್ತು. ತಲೆಯ ಮೇಲಿನದನ್ನು ಅಲ್ಲೇ ಇಳಿಸಿದರೆ ನಿನ್ನ ಮುಂದೆಯೇ ಇಳಿಯುತ್ತಿತ್ತು. ನನ್ನ ಹಿಂದೆ ನಮ್ಮೂರಿನ ಇಡೀ ಜನ ನಿಂತಿದ್ದರು. ಯಾರೋ ಅಂಗೈ ನೋಡಿಕೊಳ್ಳುತ್ತಿದ್ದರು. ನೀನು ನೆಲ ನೋಡುತ್ತಿದ್ದೆ. ನಿನ್ನ ಕಿವಿ ಕೆಂಪಾಗಿತ್ತು.

ನಿನ್ನನ್ನು ದಾಟಿದೆ. ಆ ಮೂರು ಹೆಜ್ಜೆ ನನ್ನ ಜೀವನದಲ್ಲಿ ನಾನು ನಡೆದ ಅತಿ ಉದ್ದದ ದಾರಿ. ಸಂಘದ ನಡುವೆ ಚೀವರ ಇಟ್ಟೆ.

ಈ ಬಟ್ಟೆ ಯಾರಿಗೆ ಸಲ್ಲಬೇಕೆಂದು ಸಂಘವನ್ನು ಕೇಳುವ ಪಾಲಿ ವಾಕ್ಯಗಳನ್ನು ತಪ್ಪಿಲ್ಲದೆ ಹೇಳಬಲ್ಲವನು ನೀನೊಬ್ಬನೇ ಎಂದು ನಿನ್ನಿಂದಲೇ ಹೇಳಿಸಿದರಂತೆ. ನಿನ್ನ ದನಿ ಎದ್ದಿತು. ಹಿಂದೆ ಎಮ್ಮೆ ಕರೆಯುತ್ತಿದ್ದ ದನಿಯಲ್ಲ ಅದು. ನನ್ನ ಹೊಲದ ಹತ್ತಿ, ನನ್ನ ಕೈಯ ನೇಯ್ಗೆ, ಗೋಡೆಯ ಪಕ್ಕ ಕೂತಿದ್ದ ಹಲ್ಲಿಲ್ಲದ ಒಬ್ಬ ಮುದಿ ಭಿಕ್ಷುವಿಗೆ ಸಲ್ಲಲಿ ಎಂದು, ಒಂದು ಅಕ್ಷರವೂ ನಡುಗದೆ, ನೀನು ಹೆಸರು ಹೇಳಿದೆ.

ಭಿಕ್ಷುಗಳು ಸಾಧು, ಒಳ್ಳೆಯದಾಯಿತು, ಎಂದ ಮೇಲೆ ಜನ ಎನ್ನಬೇಕು. ನನಗೆ ಕಾಯಲು ಆಗಲಿಲ್ಲ. ಎಲ್ಲರಿಗಿಂತ ಮೊದಲು, ಸಭೆಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಸಾಧು ಎಂದುಬಿಟ್ಟೆ. ಪಾನ್ ನನ್ನ ತೋಳು ಜಗ್ಗಿದಳು. ತಿಪ್ ಅಜ್ಜಿ, "ಬಿಡೇ, ಅನ್ನಲಿ" ಎಂದಳು.

ಅಮ್ಮನ ಚಿತೆಯ ಎದುರು ನಿನ್ನ ತಲೆ ಬೋಳಿಸಿದಾಗ ನಾನು ನಿನ್ನನ್ನು ಸಂಘಕ್ಕೆ ಕೊಟ್ಟಿರಲಿಲ್ಲ. ವಾಪಸು ಬರುತ್ತೀಯೆಂದು ಕಳಿಸಿದ್ದೆ, ಅಷ್ಟೆ. ಕೊಟ್ಟದ್ದು ಮೊನ್ನೆ.

ಸೀನುವಾನ್